ಉಟ್ರೆಕ್ಟಿನಲ್ಲಿ ಸಿಕ್ಕಿಬಿದ್ದ ಕುರಿ

ಜಲನಗರ, ಕೌದಿಯೊಳಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ನೆದರ್ಲೆಂಡ್ಸ್ ದೇಶದ್ದಲ್ಲ, ಆ ಪತ್ರಿಕೆಯದ್ದಲ್ಲ, ಲಗಮವ್ವನದ್ದಂತೂ ಅಲ್ಲವೇ ಅಲ್ಲ. ಅರವತ್ತು ದಾಟಿದ ಆ ಕುರಿಗಾಹಿ ಹೆಂಗಸಿನ ದನಿಯನ್ನು ನಾನು, ಕಾನೂನು ಕಾಲೇಜಿನ ಅತಿಥಿ ಉಪನ್ಯಾಸಕ ಸಂಗಮೇಶ, ಗೋಳಗುಮ್ಮಟದ ಊರಿನ ಜಲನಗರ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ತಲೆಯ ಮೇಲೆ ಕೌದಿ ಹೊದ್ದುಕೊಂಡು ಅನುಕರಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿದೆ. ಅದನ್ನು ಮಾಹಿತಿ ಕಾನೂನಿನ ವಿದೇಶಿ ಪತ್ರಿಕೆಯೊಂದಕ್ಕೆ ‘ಸಂದರ್ಶನದ ಮೂಲ ಧ್ವನಿ’ ಎಂದು ಕಳಿಸಿದೆ. ಹಿನ್ನೆಲೆಯಲ್ಲಿ ಒಂದು ಕುರಿ ಒದರುತ್ತದೆ. ಅದೂ ನಾನೇ.

ಬೇರೆಯವರ ದನಿ ತೆಗೆಯುವುದು ನನಗೆ ಸಣ್ಣಂದಿನ ಚಟ. ಶಾಲೆಯವರು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದಾಗ ಮೇಲಿನ ಸುತ್ತಿನಲ್ಲಿ ನಿಂತು ಹೆಡ್ ಮಾಸ್ತರರ ಕೆಮ್ಮನ್ನು ಕೆಮ್ಮಿದ್ದೆ. ಕೆಮ್ಮು ಏಳು ಸಲ ಬಂತು. ಹೆಡ್ ಮಾಸ್ತರರು ಒಂದೇ ಸಲ ಬಂದರು, ಅಷ್ಟು ಸಾಕಾಯಿತು. ಈಗ ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಾಂಶುಪಾಲರು, ಕೋರ್ಟಿನಲ್ಲಿ ಹೆಸರು ಕೂಗುವ ಜವಾನ, ಟಿಕೋಟಾ ಬಸ್ಸಿನ ಕಂಡಕ್ಟರು ಎಲ್ಲರೂ ನನ್ನ ಗಂಟಲಲ್ಲಿ ಬಿಟ್ಟಿ ದುಡಿಯುತ್ತಾರೆ. ಟಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ನಮ್ಮಪ್ಪ ಮಾತ್ರ ಬಂದವರೆದುರಿಗೆಲ್ಲ ಒಂದೇ ಮಾತು ಹೇಳುತ್ತಾನೆ: “ಎಲ್ಲಾರ ದನೀನೂ ಬರತಾವ್ರಿ ಈ ಮಗಗ. ನಿನ್ನ ಸ್ವಂತ ದನಿ ಯಾವ್ದಲೇ ಅಂತ ಕೇಳ್ರಿ, ಬಾಯಿ ಮುಚ್ಚತಾನ.”

ನನ್ನ ಲೇಖನ ಲಗಮವ್ವನ ಬಗ್ಗೆ. ಬಬಲೇಶ್ವರದ ಕಡೆಯ ಒಂದು ಊರಿನವಳು, ನಮ್ಮಪ್ಪನಿಗೆ ಹಳೆಯ ಪರಿಚಯ. ಊರಿನ ಹೆಸರು ಬರೆಯುವುದಿಲ್ಲ, ಅವಳೇ ಬೇಡ ಅಂದಿದ್ದಾಳೆ. “ನನ್ನ ಹೆಸರ ಹಾಕು. ಊರ ಹೆಸರ ಬ್ಯಾಡ. ನನ್ನ ಹೆಸರ ನೋಡಿದ್ರ ನಗತಾರ, ಊರ ಹೆಸರ ನೋಡಿದ್ರ ಜಗಳಕ್ಕ ಬರತಾರ.” ನಿಡೋಣಿಯಿಂದ ಬಹಳ ದೂರವಿಲ್ಲ ಎಂದಷ್ಟೇ ಹೇಳಿದರೆ ಜಗಳವಾಗಲಿಕ್ಕಿಲ್ಲ.

ಆ ಊರ ಹೊರಗೆ ಕುರಿ, ಆಡು ನೀರು ಕುಡಿಯುವ ಕಲ್ಲಿನ ದೋಣಿಯೊಂದಿದೆ. ಅದನ್ನು ಎತ್ತಿ ಬೇರೆ ಕಡೆ ಇಡುತ್ತಾರಂತೆ ಎಂದು ಸುದ್ದಿಯಾಯಿತು. ಲಗಮವ್ವ ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟಳು: ಹಾಗೆಂದು ನಿರ್ಣಯಿಸಿದ ಠರಾವಿನ ಕಾಗದ ತೋರಿಸಿ. ಅವರು ನ್ಯಾಯವಾಗಿಯೇ, ಗಡುವಿನೊಳಗೇ ಝೆರಾಕ್ಸ್ ಕೊಟ್ಟು, ಮುಟ್ಟಿತೆಂದು ಹೆಬ್ಬೆಟ್ಟು ಒತ್ತಲು ಹೇಳಿದರು. ಓದಲು ಬಾರದ ಲಗಮವ್ವ ಒತ್ತಲಿಲ್ಲ. ಬಾಗಿಲಲ್ಲೇ ಕೂತಳು. “ಕಾಗದಾ ಕೊಟ್ರಿ. ಮಾಹಿತಿ ಎಲ್ಲೈತಿ?” ಅಂದಳು. ಅವಳ ಲೆಕ್ಕದಲ್ಲಿ ನಾಲ್ಕು ಮಂದಿಯ ಮುಂದೆ ಗಟ್ಟಿಯಾಗಿ ಓದಿ ಹೇಳಿದರೆ ಅದು ಕಾಗದ. ಇಲ್ಲವಾದರೆ ಭಜಿ ಕಟ್ಟುವ ಹಾಳೆ. ಅವಳ ಅಜ್ಜನ ಕಾಲದಿಂದ ಬಂದ ಪದ್ಧತಿ. ಲಗ್ನಪತ್ರಿಕೆಯಿಂದ ಹಿಡಿದು ಆಸ್ತಿ ಪಾಲಿನ ವಾಟಣಿ ಪತ್ರದವರೆಗೆ ಅಲ್ಲಿ ಎಲ್ಲವೂ ಹಾಗೆಯೇ. ಕೊನೆಗೆ ಕಾರ್ಯದರ್ಶಿ ಹೊರಗೆ ಬಂದು, ದಾರಿಯಲ್ಲಿದ್ದ ನಾಲ್ವರನ್ನು ನಿಲ್ಲಿಸಿಕೊಂಡು ಓದಿದರು. ನಡುವೆ ಒಂದು ಸಾಲು ಬಂತು: ‘ಕುರಿಗಾಹಿಗಳ ತಕರಾರು ಇಲ್ಲ.’ ಲಗಮವ್ವ ಕೈ ಎತ್ತಿ “ಐತಿ” ಅಂದಳು. ಅಷ್ಟೇ. ಠರಾವು ಅಲ್ಲಿಗೇ ನಿಂತಿತು, ದೋಣಿ ಇನ್ನೂ ಇದ್ದಲ್ಲೇ ಇದೆ.

ಮಾಹಿತಿ ಕೊಡುವುದೆಂದರೆ ಕಾಗದ ಕೊಡುವುದೋ, ಓದಿ ಹೇಳುವುದೋ? ಇದು ನನ್ನ ಲೇಖನದ ಪ್ರಶ್ನೆ. ನನ್ನ ಹೊಟ್ಟೆಯ ಪ್ರಶ್ನೆ ಬೇರೆ. ಹೊರದೇಶದ ಪತ್ರಿಕೆಯಲ್ಲಿ ಒಂದು ಲೇಖನ ಬಾರದೆ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದು ನಮ್ಮ ಗೈಡ್ ಸರ್ ಪಟ್ಟು ಹಿಡಿದಿದ್ದರು. ಪಿಎಚ್.ಡಿ. ಇಲ್ಲದೆ ನನ್ನ ಹೆಸರಿಗಂಟಿದ ‘ಅತಿಥಿ’ ಹೋಗುವುದಿಲ್ಲ. ಆರು ವರ್ಷದಿಂದ ಬಾಗಿಲಲ್ಲಿ ನಿಂತಿರುವ ಅತಿಥಿ ನಾನು. ಇನ್ನೂ ಯಾರೂ ಕೂಡು ಅಂದಿಲ್ಲ.

ಈ ಪತ್ರಿಕೆಗಳ ಪದ್ಧತಿಯೂ ಮಜವಾಗಿದೆ. ಲೇಖನವನ್ನು ಇಬ್ಬರು ಗುಟ್ಟಿನ ಪರಿಶೀಲಕರಿಗೆ ಕಳಿಸುತ್ತಾರೆ. ಬರೆದವನು ಯಾರೆಂದು ಅವರಿಗೆ ಗೊತ್ತಿಲ್ಲ, ಓದುವವರು ಯಾರೆಂದು ಬರೆದವನಿಗೆ ಗೊತ್ತಿಲ್ಲ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಚಹಾದ ಬಸಿ ಹಿಡಿದ ಕೈಯಾದರೂ ಕಾಣುತ್ತದೆ. ಒಬ್ಬ ಗುಟ್ಟಿನವರು ‘ಚೆನ್ನಾಗಿದೆ’ ಎಂದರು. ಇನ್ನೊಬ್ಬರು ‘ಸಂದರ್ಶನದ ಧ್ವನಿಮುದ್ರಣ ಕಳಿಸಿ’ ಎಂದರು.

ಮುದ್ರಣ ನನ್ನಲ್ಲಿತ್ತು. ಕುರಿಹಟ್ಟಿಯಲ್ಲಿ ಮಾಡಿದ್ದು. ನಲವತ್ತು ನಿಮಿಷ ಬರೀ ಗಾಳಿ, ನಡುನಡುವೆ ಲಗಮವ್ವ ಬಾವಿಯ ತಳದಿಂದ ಮಾತಾಡಿದ ಹಾಗೆ. ಅವಳು ಆಡಿದ್ದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೆ ಅಕ್ಷರ ಇತ್ತು. ಬೇರೆ ಯಾರೇ ಆಗಿದ್ದರೂ ಬಸ್ಸು ಹತ್ತಿ ಹೋಗಿ ಮತ್ತೊಮ್ಮೆ ಕೇಳುತ್ತಿದ್ದರು. ನನಗೆ ಗಂಟಲಿತ್ತು.

ಕೌದಿಯೊಳಗೆ ಲಗಮವ್ವ ಎಷ್ಟು ಚೆನ್ನಾಗಿ ಬಂದಳೆಂದರೆ, ‘ಮಾಹಿತಿ ಎಲ್ಲೈತಿ’ ಎಂಬಲ್ಲಿ ನನಗೇ ತಡೆಯದೆ ಒಂದು ಬಿಕ್ಕು ಸೇರಿಸಿದೆ. ಸೇರಿಸಿದ ಮೇಲೆ ಲೇಖನದಲ್ಲೂ ಇರಲಿ ಎಂದು ಒಂದು ಸಾಲು ಹಾಕಿದೆ: ‘ಇಲ್ಲಿ ಆಕೆ ಅತ್ತಳು.’ ವಿದೇಶದವರಿಗೆ ಹಿಡಿಸುತ್ತದೆ ಎಂಬ ಅಂದಾಜು. ಅಂದಾಜು ತಪ್ಪಲಿಲ್ಲ. ಲೇಖನ ಒಪ್ಪಿದ್ದೇವೆ, ವಿಶೇಷ ಸಂಚಿಕೆಯಲ್ಲಿ ಮೊದಲನೆಯದೇ ನಿಮ್ಮದು, ಲೇಖಕರೆಲ್ಲ ಸೇರುವ ಸಭೆಗೆ ನೆದರ್ಲೆಂಡ್ಸಿನ ಉಟ್ರೆಕ್ಟಿಗೆ ಬನ್ನಿ ಎಂದು ಪತ್ರ ಬಂತು. ‘ಆ ಅಳು ಬಹಳ ಹೊತ್ತು ಕಾಡಿತು’ ಎಂದು ಗುಟ್ಟಿನವರೊಬ್ಬರು ಬರೆದಿದ್ದರು. ನನ್ನನ್ನೂ ಕಾಡಿತು. ಆದರೆ ವೀಸಾ ಬಂದ ಖುಷಿಯಲ್ಲಿ ಯಾರು ಕಾಡಿಸಿಕೊಳ್ಳುತ್ತಾರೆ?

ಕೆಂಪು ದಾರಿ

ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಅಪ್ಪ ಅಂಗಡಿಯ ಒಣದ್ರಾಕ್ಷಿ ಎರಡು ಕಿಲೋ ತುಂಬಿ, “ಯಾರರೆ ಏನರೆ ಕೊಟ್ರ ಸುಮ್ನ ಇಸ್ಕೊಂಡ ಬರಬ್ಯಾಡ, ದ್ರಾಕ್ಷಿ ಕೊಡು” ಅಂದ. ಅವ್ವನ ಅಂಜಿಕೆ ಬೇರೆ. “ಅಲ್ಲಿ ಯಾರ ದನೀನೂ ತಗೀಬ್ಯಾಡಪ್ಪಾ. ಗುರ್ತಾ ಪರಿಚಯ ಇಲ್ಲದ ಮಂದಿ, ಬಡದ ಗಿಡದಾರು.”

ಆ ಮಾತನ್ನು ಆ ದೇಶದ ವಿಮಾನ ನಿಲ್ದಾಣದಲ್ಲೇ ಮುರಿದೆ. ಅಲ್ಲಿ ನಿಂತವರನ್ನು ತಾನೇ ಹೊತ್ತೊಯ್ಯುವ ಉದ್ದನೆಯ ನೆಲಪಟ್ಟಿ. ಅದರ ಕೊನೆ ಬಂದಾಗ ಎಲ್ಲಿಂದಲೋ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ‘ಹೆಜ್ಜೆ ಜೋಪಾನ’ ಎನ್ನುತ್ತದೆ. ಎರಡು ಸಲ ಕೇಳಿ ಬಾಯಿಪಾಠವಾಯಿತು. ಮೂರನೆಯ ಪಟ್ಟಿಯ ಮಧ್ಯದಲ್ಲೇ ಅದೇ ದನಿಯಲ್ಲಿ ನಾನು ಅಂದೆ. ಮುಂದೆ ನಿಂತಿದ್ದ ಸೂಟಿನ ಮನುಷ್ಯ ಇಲ್ಲದ ಅಂಚನ್ನು ಕಾಲೆತ್ತಿ ದಾಟಿದ. ತಿರುಗಿ ನೋಡಿದ. ನಾನು ಛಾವಣಿಯ ಕಟ್ಟಡ ಕೌಶಲವನ್ನು ಮೆಚ್ಚತೊಡಗಿದೆ.

ಉಟ್ರೆಕ್ಟಿನಲ್ಲಿ ರೈಲು ಇಳಿದು ಹೊರಬಂದರೆ ಕೆಂಪು ಬಣ್ಣದ, ಒಂದು ಗುಂಡಿಯಿಲ್ಲದ, ಯಾರೂ ನಡೆಯದ ದಾರಿ. ಪಾಪ, ಪರಊರಿನವರಿಗೆಂದು ಹಾಸಿದ್ದಾರೆ ಎಂದುಕೊಂಡು ಪೆಟ್ಟಿಗೆ ಎಳೆಯುತ್ತ ಹೊರಟೆ. ಅರ್ಧ ನಿಮಿಷಕ್ಕೆ ಬೆನ್ನ ಹಿಂದೆ ಗಂಟೆಗಳ ಮೇಳ. ಸೈಕಲ್ಲುಗಳು! ಒಂದರ ಮೇಲೆ ವಕೀಲರಂಥವರು, ಇನ್ನೊಂದರ ಮುಂದೆ ಮರದ ತೊಟ್ಟಿಯಲ್ಲಿ ಮೂರು ಮಕ್ಕಳು, ಮತ್ತೊಂದರ ಹಿಂದೆ ಒಂದು ಕುರ್ಚಿ. ನಮ್ಮ ಜಲನಗರದಲ್ಲಿ ಹಾರ್ನ್ ಹೊಡೆದರೆ ‘ನಾ ಬಂದೆ’ ಎಂದರ್ಥ. ಅದು ಜಗಳವಲ್ಲ, ಸುದ್ದಿ. ಅಲ್ಲಿ ಗಂಟೆ ಹೊಡೆದರೆ ‘ನೀನ್ಯಾಕೆ ಇದ್ದೀ?’ ಎಂದರ್ಥ.

ನಮ್ಮ ಅಜ್ಜಿಯ ವಯಸ್ಸಿನ ಒಬ್ಬಾಕೆ ಸೈಕಲ್ ನಿಲ್ಲಿಸಿ ನನ್ನನ್ನು ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. “ಇದು ಸೈಕಲ್ಲಿಗೆ. ನಡೆಯುವವರಿಗೆ ಅದು. ನೀವು ಮಾಡಿದ್ದು ತಪ್ಪು. ಪ್ರಯಾಣ ಚೆನ್ನಾಗಿತ್ತೇ?” ಅಂದರು. ನಾಲ್ಕೂ ಮಾತು ಒಂದೇ ದನಿಯಲ್ಲಿ. ನಮ್ಮಲ್ಲಿ ತಪ್ಪು ತೋರಿಸಬೇಕಾದರೆ ಮೊದಲು ಊರು ಕೇಳುತ್ತೇವೆ, ಮನೆತನ ಕೇಳುತ್ತೇವೆ, ಆಮೇಲೆ ಬೈಯುತ್ತೇವೆ. ಇವರದು ಮೊದಲೇ ತಪ್ಪು, ಆಮೇಲೆ ಉಪಚಾರ. ಈ ಊರಲ್ಲಿ ಸಿಕ್ಕಿಬೀಳಲು ಬಹಳ ಹೊತ್ತು ಹಿಡಿಯುವುದಿಲ್ಲ ಅನ್ನಿಸಿತು.

ಪರದೆ ಇಲ್ಲದ ಮನೆಗಳು

ನನಗೆ ಕೋಣೆ ಕೊಟ್ಟವರು ವಿಲಮ್ ಎಂಬ ನಿವೃತ್ತ ಅಂಚೆಯವರು. ಅವರ ಮನೆಯ ಮೆಟ್ಟಿಲೆಂದರೆ ಗೋಡೆಗೆ ಒರಗಿಸಿಟ್ಟ ಏಣಿ. ಗೋಳಗುಮ್ಮಟದ ಮೆಟ್ಟಿಲಿಗೆ ಬೈದಿದ್ದಕ್ಕೆಲ್ಲ ಅಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಪೆಟ್ಟಿಗೆ ಮೇಲೇರಲಿಲ್ಲ. ವಿಲಮ್ ಹಗ್ಗ ಕಟ್ಟಿ ಕಿಟಕಿಯಿಂದ ಎಳೆದರು. ಕಾಲುವೆಯ ದಂಡೆಯಲ್ಲಿ ಹೋಗುವವರು ಯಾರೂ ತಲೆಯೆತ್ತಿ ನೋಡಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ “ಆ ಕಡೆ ಜಗ್ಗ್ರಿ, ಈ ಕಡೆ ಬಿಡ್ರಿ” ಎನ್ನಲು ಹತ್ತು ಮಂದಿ ಎಂಜಿನಿಯರುಗಳು ಕೂಡುತ್ತಿದ್ದರು.

ಸಂಜೆ ಆರಕ್ಕೆ ಬೀದಿಯಲ್ಲಿ ನಡೆದೆ. ಒಂದು ಮನೆಗೂ ಪರದೆಯಿಲ್ಲ. ದೊಡ್ಡ ಗಾಜಿನ ಕಿಟಕಿ, ಒಳಗೆ ದೀಪ, ಊಟಕ್ಕೆ ಕೂತ ಸಂಸಾರ. ಯಾರ ತಟ್ಟೆಯಲ್ಲಿ ಎಷ್ಟು ಬಟಾಟಿ ಎಂದು ಎಣಿಸಬಹುದು. ಎಣಿಸಿದೆ ಕೂಡ. ವೈಯಕ್ತಿಕ ಮಾಹಿತಿಯ ರಕ್ಷಣೆ ಎಂದು ಹೊತ್ತಗೆಗಟ್ಟಲೆ ಬರೆದು ಲೋಕಕ್ಕೆ ಪಾಠ ಹೇಳುವ ಮಂದಿ ಕಿಟಕಿಗೆ ಒಂದು ಮಾರು ಬಟ್ಟೆ ಕಟ್ಟುವುದಿಲ್ಲ! ನಮ್ಮ ಜಲನಗರದಲ್ಲಿ ಪ್ರತಿ ಕಿಟಕಿಗೆ ಎರಡೆರಡು ಪರದೆ. ಆದರೂ ಇವತ್ತು ನಾನು ಬದನೆಕಾಯಿ ಎಣಗಾಯಿ ತಿಂದೆ ಎಂಬುದು ಮೂರನೆಯ ಮನೆಯ ಮಾಮಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಅವರಲ್ಲಿ ಕಾಣಿಸುತ್ತದೆ, ಯಾರೂ ನೋಡುವುದಿಲ್ಲ. ನಮ್ಮಲ್ಲಿ ಏನೂ ಕಾಣುವುದಿಲ್ಲ, ಎಲ್ಲರೂ ನೋಡಿರುತ್ತಾರೆ.

ಮನೆಗೆ ಬಂದು ವಿಲಮ್‌ರನ್ನು ಕೇಳಿದೆ, ಪರದೆ ಯಾಕಿಲ್ಲ ಎಂದು. ಅವರು ನಾನು ಕೊಟ್ಟ ದ್ರಾಕ್ಷಿ ತಿನ್ನುತ್ತ, “ಯಾಕೆ ಬೇಕು? ನಾವೇನು ಬಚ್ಚಿಟ್ಟುಕೊಂಡಿದ್ದೇವೆ?” ಅಂದರು.

ನನಗೆ ಜಲನಗರದ ಕೌದಿ ನೆನಪಾಯಿತು. ಶುಭರಾತ್ರಿ ಹೇಳಿ ಏಣಿ ಹತ್ತಿದೆ.

ಒಂದು ಬಿಸ್ಕೀಟು, ಆಮೇಲೆ ಮುಚ್ಚಳ

ಸಭೆಯ ಮೊದಲ ದಿನ. ನಾನೂ ಸೇರಿ ಹನ್ನೆರಡು ಮಂದಿ ಲೇಖಕರು, ಉದ್ದನೆಯ ಮೇಜು, ಕಾಫಿ. ಕಾಫಿಯ ಜೊತೆ ಒಂದು ತಗಡಿನ ಡಬ್ಬಿ ಸುತ್ತು ಬಂತು. ಪ್ರತಿಯೊಬ್ಬರೂ ಒಂದು ಬಿಸ್ಕೀಟು ತೆಗೆದುಕೊಂಡರು. ನಾನು ಎರಡು. ಪಕ್ಕದವರು ಎರಡನೆಯದನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಲ್ಲಿದೆ. ಸುತ್ತು ಮುಗಿದ ಕೂಡಲೇ ಟಪ್ ಎಂದು ಮುಚ್ಚಳ ಬಿತ್ತು. ಟಿಕೋಟಾದಲ್ಲಿ ಹೀಗೆ ಡಬ್ಬಿ ಮುಚ್ಚಿದರೆ ಆ ಮನೆಗೆ ಮುಂದೆ ಯಾರೂ ಹೆಣ್ಣು ಕೊಡಲಿಕ್ಕಿಲ್ಲ. ನಾನು ದ್ರಾಕ್ಷಿಯ ಚೀಲವನ್ನೇ ಮೇಜಿನ ನಡುವೆ ಸುರಿದೆ. ಎಲ್ಲರೂ ಒಂದೊಂದೇ ತೆಗೆದುಕೊಂಡರು. ಒಂದೊಂದೇ ದ್ರಾಕ್ಷಿ! “ಮುಟಗಿ ತುಂಬ ತಗೋರಿ” ಎನ್ನಲು ಇಂಗ್ಲಿಷ್ ಹುಡುಕುತ್ತಿರುವಾಗ ಸಭೆ ಶುರುವಾಯಿತು.

ಸಂಪಾದಕಿ ಪ್ರೊಫೆಸರ್ ಯಾನೆಕೆ. ಆರಡಿ ಎತ್ತರ, ಬಿಳಿ ಕೂದಲು, ಗದ್ದೆಯಿಂದ ನೇರ ಬಂದಂಥ ಬೂಟು. “ನನ್ನನ್ನು ಯಾನೆಕೆ ಎಂದೇ ಕರೆಯಿರಿ” ಅಂದರು. ಗುರುಗಳನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ‘ಯಾನೆಕೆ ಮೇಡಂ’ ಎಂದೆ. ಎರಡು ದಿನವೂ ಅವರು ತಿದ್ದಿದರು, ಎರಡು ದಿನವೂ ನಾನು ಮೇಡಂ ಎಂದೆ.

ಆ ಸಭೆಯ ನಿಯಮ ನನ್ನಂಥವನಿಗೆ ಹೇಳಿ ಮಾಡಿಸಿದ ಶಿಕ್ಷೆ. ಲೇಖಕ ತನ್ನ ಲೇಖನ ಮಂಡಿಸುವಂತಿಲ್ಲ. ಬೇರೊಬ್ಬರು ಅದನ್ನು ಓದಿಕೊಂಡು ಬಂದು ಮಂಡಿಸುತ್ತಾರೆ. ಲೇಖಕ ಕೊನೆಯವರೆಗೆ ಬಾಯಿ ಮುಚ್ಚಿ ಕೇಳಬೇಕು. ತನ್ನ ತಿಥಿಗೆ ತಾನೇ ಬಂದು ಕೂತು, ಊಟದ ಬಗ್ಗೆ ಮಾತೆತ್ತದ ಹಾಗೆ. ನನ್ನದು ಎರಡನೆಯ ದಿನ ಹನ್ನೊಂದಕ್ಕೆ. ಮಂಡಿಸುವವರು ಯಾನೆಕೆ ಮೇಡಂ. ಧ್ವನಿಮುದ್ರಣವನ್ನೂ ಕೇಳಿಸುತ್ತಾರೆ.

ಮಧ್ಯಾಹ್ನ ಊಟಕ್ಕೆ ತಣ್ಣನೆಯ ಬ್ರೆಡ್ಡು. ಅದರ ಮೇಲೆ ದೊಡ್ಡ ದೊಡ್ಡ ನ್ಯಾಯಶಾಸ್ತ್ರಜ್ಞರು ಚಾಕೊಲೇಟಿನ ಕಾಳು ಉದುರಿಸಿಕೊಂಡು ಗಂಭೀರವಾಗಿ ತಿಂದರು. ಜೊತೆಗೆ ಲೋಟದಲ್ಲಿ ಬಿಳಿಯದೇನೋ. ಹಾಲೆಂದು ಕುಡಿದರೆ ಮಜ್ಜಿಗೆ! ಅದೂ ಹುಳಿ ಮಜ್ಜಿಗೆ. ಕಣ್ಣಲ್ಲಿ ನೀರು ಬಂತು. “ಉಪ್ಪು, ಜೀರಿಗೆ ಹಾಕಿದರೆ ನೀವು ನಮ್ಮವರೇ” ಎಂದು ಪಕ್ಕದಲ್ಲಿದ್ದ ಯಾನೆಕೆ ಮೇಡಂಗೆ ಹೇಳಿದೆ. ಅವರು ಮೊದಲ ಸಲ ನಕ್ಕರು. ಸಂಜೆ ಸಭೆ ಮುಗಿದ ಮೇಲೆ ಕಾಲುವೆಯ ದಂಡೆಗೆ ನಡೆಯೋಣ ಬನ್ನಿ ಎಂದರು. ಮಜ್ಜಿಗೆಯ ಸ್ನೇಹ ಎಂದುಕೊಂಡೆ.

“ನಾನು ಈ ಊರಿನವಳಲ್ಲ,” ಅಂದರು ನಡೆಯುತ್ತ. “ಉತ್ತರದವಳು. ಇಲ್ಲಿಯವರು ನಮ್ಮ ಮಾತು ಕೇಳಿ ನಗುತ್ತಾರೆ.”

“ನಾನೂ ಉತ್ತರದವನೇ, ಮೇಡಂ,” ಅಂದೆ. “ನಮ್ಮನ್ನೂ ನಗುತ್ತಾರೆ.”

“ನಮ್ಮ ತಂದೆಗೆ ಇನ್ನೂರು ಕುರಿ ಇದ್ದವು. ಹದಿನೆಂಟು ವರ್ಷ ಅವುಗಳ ನಡುವೆ ಬೆಳೆದೆ.”

ನಾನು ಕಾಲುವೆಯ ಬಾತುಕೋಳಿ ನೋಡತೊಡಗಿದೆ.

“ನಿಮ್ಮ ಮುದ್ರಣ ಕೇಳಿದೆ. ಭಾಷೆ ನನಗೆ ಬರುವುದಿಲ್ಲ. ಕುರಿ ಬರುತ್ತದೆ. ನಿಮ್ಮ ಕುರಿ ಏಳು ಸಲ ಕೂಗುತ್ತದೆ. ಏಳು ಸಲವೂ ಆ ಹೆಂಗಸು ಮಾತು ನಿಲ್ಲಿಸಿದ ಮೇಲೆ. ಯಾರದಾದರೂ ಮಾತು ಮುಗಿಯಲಿ ಎಂದು ಕಾಯುವ ಕುರಿಯನ್ನು ನಾನು ಈವರೆಗೆ ನೋಡಿಲ್ಲ.”

ಏಳು ಸಲ! ಎಲ್ಲಿ ಹೋದರೂ ನಮ್ಮ ಊರಿನ ಲೆಕ್ಕ ಬಿಡುವುದಿಲ್ಲ. ಹೆಡ್ ಮಾಸ್ತರರು ಈ ಸಲವೂ ಬಂದರು, ಬೂಟು ಹಾಕಿಕೊಂಡು.

ಹೇಳಿಬಿಟ್ಟೆ. ಕೌದಿ, ಫ್ಯಾನು, ಗಾಳಿ ತುಂಬಿದ ಮುದ್ರಣ, ಎಲ್ಲ. ಅವರು ನಡಿಗೆ ನಿಲ್ಲಿಸಲಿಲ್ಲ.

“ಮಾತು ಆಕೆಯದೇ?”

“ಅಕ್ಷರಕ್ಕೆ ಅಕ್ಷರ, ಮೇಡಂ. ನೋಟ್‌ಬುಕ್ ತಂದಿದ್ದೇನೆ.”

“ಅಳು?”

“ಅದು... ಆಕೆ ಒಳಗೊಳಗೇ ಅತ್ತಿರಬೇಕು.”

“ನಿಮಗೆ ಗೊತ್ತೋ, ನಿಮ್ಮ ಊಹೆಯೋ?”

“ಊಹೆ.”

ಎರಡು ಸೇತುವೆ ದಾಟಿದೆವು. ಮೂರನೆಯದರ ಮೇಲೆ ನಿಂತರು. “ಇದು ಸಣ್ಣ ತಪ್ಪಲ್ಲ. ಈಗಲೇ ಲೇಖನ ವಾಪಸು ಕಳಿಸಬಹುದು. ಆದರೆ ಒಂದು ಪ್ರಶ್ನೆ. ಓದಿ ಹೇಳದ ಕಾಗದ ಮಾಹಿತಿಯಲ್ಲ ಎಂದು ಇಪ್ಪತ್ತೆರಡು ಪುಟ ಬರೆದಿದ್ದೀರಿ. ಆ ಇಪ್ಪತ್ತೆರಡು ಪುಟವನ್ನು ಆಕೆಗೆ ಓದಿ ಹೇಳಿದ್ದೀರಾ?”

ನನಗೆ ಎಲ್ಲರ ದನಿಯೂ ಬರುತ್ತದೆ. ಆ ಹೊತ್ತಿನಲ್ಲಿ ಒಂದೂ ಬರಲಿಲ್ಲ. ಅಪ್ಪ ಇದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದ.

“ನಾಳೆ ಹನ್ನೊಂದಕ್ಕೆ ನಾನು ಮಂಡಿಸುವುದಿಲ್ಲ,” ಅಂದರು. “ಆಕೆಗೆ ಓದಿ ಹೇಳೋಣ. ಆಕೆ ಬೇಡ ಎಂದ ಸಾಲು ಹೋಗುತ್ತದೆ. ಲೇಖನವೇ ಬೇಡ ಎಂದರೆ ಲೇಖನ ಹೋಗುತ್ತದೆ.”

ಎಂಟು ಮಂದಿಯ ಮುಂದೆ

ಬೆಳಿಗ್ಗೆ ಹನ್ನೊಂದೆಂದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಕುರಿಗಳನ್ನು ನೆರಳಿಗೆ ತರುಬುವ ಹೊತ್ತು. ಲಗಮವ್ವನ ಗುಂಡಿಯೊತ್ತುವ ಫೋನು ಕೊರಳ ಚೀಲದಲ್ಲಿರುತ್ತದೆ. ಮೇಜಿನ ನಡುವೆ ಕಚೇರಿಯ ಫೋನಿಟ್ಟು, ಎಲ್ಲರಿಗೂ ಕೇಳುವಂತೆ ಮಾಡಿ, ಗಂಟೆ ಹೋಗುವುದನ್ನು ಕೇಳುತ್ತ ಕೂತೆವು. ಎತ್ತದಿದ್ದರೆ ಸಾಕೆಂದು ಅರ್ಧ ಮನಸ್ಸು.

“ಯಾಂವಲೇ ಅಂವಾ?”

“ಯವ್ವಾ, ನಾ ಸಂಗ್ಯಾ. ಟಿಕೋಟಾದಾಂವ.”

“ಹಾಂ, ಮಂದಿ ದನಿ ತಗಿಯೋ ಹುಡುಗ. ಎಲ್ಲಿ ಅದೀಯೋ ಯಪ್ಪಾ?”

“ಪರದೇಶದಾಗ ಅದೇನಿ ಬೇ. ನಿನ್ನ ಸುದ್ದಿ ಇಲ್ಲಿ ಮಂದೀಗೆ ಹೇಳಾಕ ಬಂದೇನಿ.”

“ನನ್ನ ಸುದ್ದಿ ಹೇಳಾಕ ಅಷ್ಟ ದೂರ ಹೋದಿ. ನನ್ನ ಮುಂದ ಹೇಳಾಕ ನಿಡೋಣಿ ಬಸ್ ಸಿಗಲಿಲ್ಲೇನು?”

ಯಾನೆಕೆ ಮೇಡಂ “ಏನಂದರು?” ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ಲಗಮವ್ವನಿಗೆ ನನ್ನ ಕಳ್ಳತನ ಹೇಳಿದೆ: ನಿನ್ನ ದನಿ ನಾನೇ ತೆಗೆದು ಇವರಿಗೆ ಕಳಿಸಿದ್ದೆ ಎಂದು.

“ಹ್ಯಾಂಗ ತಗದಿ? ತಗಿ ನೋಡೂನು.”

“ಈಗ ಬ್ಯಾಡ ಬೇ...”

“ತಗೀಲೇ.”

ಹನ್ನೊಂದು ಮಂದಿ ಪಂಡಿತರು, ಒಬ್ಬ ಸಂಪಾದಕಿ ನೋಡುತ್ತಿರುವಾಗ ಕೊರಳು ಬಿಗಿ ಮಾಡಿ “ಕಾಗದಾ ಕೊಟ್ರಿ, ಮಾಹಿತಿ ಎಲ್ಲೈತಿ” ಎಂದೆ. ಬಿಕ್ಕು ಹಾಕಲಿಲ್ಲ.

“ಇದು ನಾ ಅಲ್ಲ,” ಅಂದಳು ಲಗಮವ್ವ. “ಇದು ನಮ್ಮತ್ತಿ. ಸತ್ತ ಹತ್ತ ವರ್ಷಾತು, ಎಲ್ಲಿಂದ ಹಿಡಕೊಂಡ ಬಂದೀ ಆಕಿನ್ನ?”

ಅಷ್ಟರಲ್ಲಿ ಅವಳ ಮಾತಿನ ಮೇಲೆಯೇ, ಯಾರ ಅಪ್ಪಣೆಯೂ ಇಲ್ಲದೆ, ಒಂದು ಕುರಿ ಒದರಿತು. ಇನ್ನೊಂದು ಅದರ ಮೇಲೆ ಒದರಿತು. ಯಾನೆಕೆ ಮೇಡಂ ಫೋನಿನ ಕಡೆ ಬಾಗಿ, ಕಣ್ಣು ಮುಚ್ಚಿ ಕೇಳಿ, ಸಭೆಗೆ ಹೇಳಿದರು: “ಇದು ಕುರಿ.”

ಓದಲು ಶುರುಮಾಡಬೇಕೆನ್ನುವಷ್ಟರಲ್ಲಿ ಲಗಮವ್ವ ತಡೆದಳು. “ತಡಿ. ಒಬ್ಬಾಕೀನ ಕೇಳಿದ್ರ ಹ್ಯಾಂಗ? ನಾಕ ಮಂದಿ ಬರಲಿ.” ಆಮೇಲೆ ಫೋನು ಚೀಲದಲ್ಲಿದ್ದ ಹಾಗೇ ಕೂಗಾಟ. ಕಳೆ ತೆಗೆಯುತ್ತಿದ್ದ ಇಬ್ಬರು ಹೆಂಗಸರು ಬಂದರು, ಮೋಟರ್‌ಸೈಕಲ್ಲಿನವನೊಬ್ಬ ಬೈದುಕೊಳ್ಳುತ್ತ ನಿಂತ, ಅವನ ಹಿಂದೆ ಕೂತಿದ್ದವನೂ ಇಳಿದ. “ಅಲ್ಲಿ ಎಷ್ಟ ಮಂದಿ ಅದಾರ?” ಎಂದು ಕೇಳಿದಳು. ಹನ್ನೆರಡು ಎಂದೆ. “ಜಾಸ್ತಿ ಆತು. ನಾಕ ಮಂದಿ ಸಾಕು, ಉಳದಾವ್ರು ಸುಮ್ನ ಕೂಡಲಿ.” ಮೇಡಂ ನಾಲ್ವರನ್ನು ಆರಿಸಿ ಮುಂದೆ ಕೂರಿಸಿದರು. ಉಳಿದ ಪ್ರೊಫೆಸರುಗಳು ನಿಜಕ್ಕೂ ಸುಮ್ಮನೆ ಕೂತರು. ಪಂಚಾಯಿತಿಯ ಬಾಗಿಲಿನಲ್ಲಿ ನಡೆದದ್ದನ್ನು ನಾನು ಇಪ್ಪತ್ತೆರಡು ಪುಟ ವಿವರಿಸಿದ್ದೆ. ಅದು ಕಣ್ಣ ಮುಂದೆಯೇ ಮತ್ತೆ ನಡೆಯುತ್ತಿತ್ತು. ಈ ಸಲ ಬಾಗಿಲ ಒಳಗಿನವನು ನಾನು.

ಮೇಡಂ ಒಂದು ಸಾಲು ಇಂಗ್ಲಿಷಿನಲ್ಲಿ ಓದುತ್ತಿದ್ದರು, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅಡಿಟಿಪ್ಪಣಿ ಬಂದಾಗಲೆಲ್ಲ ಲಗಮವ್ವ “ಅದು ನಿನಗ ಇರಲಿ, ಮುಂದ ಓದು” ಅಂದಳು. ‘ಬಡ ಕುರಿಗಾಹಿ ಮಹಿಳೆ’ ಎಂಬಲ್ಲಿ ತಡೆದಳು.

“ಬಡವಿ ಅಂತ ಯಾರಂದ್ರು?”

“ನಾ ಬರದೇನಿ ಬೇ.”

“ನನ್ನ ಕುರಿ ಎಣಿಸೀ? ನಿಮ್ಮಪ್ಪನ ಕೇಳು, ಅಂವಗ ಗೊತ್ತೈತಿ. ಬಡವಿ ತಗಿ.”

ಮೇಡಂ ಹೊಡೆದುಹಾಕಿದರು. ಮೋಟರ್‌ಸೈಕಲ್ಲಿನವನು “ಯಕ್ಕಾ, ನನಗ ಬಬಲೇಶ್ವರಕ್ಕ ಹೋಗೂದೈತಿ” ಅಂದ. “ನಿಂದ್ರೋ, ನಿನ್ನ ಮುಂದ ಓದಾಕತ್ತಾರ” ಎಂದು ಅವನನ್ನು ನಿಲ್ಲಿಸಿದಳು.

ಒಂಬತ್ತನೆಯ ಪುಟ. ಆ ಸಾಲು ಬಂತು. ಮೇಡಂ ಓದಿ ನನ್ನ ಮುಖ ನೋಡಿದರು. ಆ ಗಳಿಗೆಯಲ್ಲಿ ಫೋನಿನ ಎರಡೂ ತುದಿಯ ಭಾಷೆ ಬರುವವನು ನಾನೊಬ್ಬನೇ. ಹಾರಿಸಿಬಿಡಬಹುದಿತ್ತು. ‘ಇಲ್ಲಿ ಆಕೆ ಎದ್ದು ನಿಂತಳು’ ಎಂದೋ, ‘ನೀರು ಕುಡಿದಳು’ ಎಂದೋ ಹೇಳಿದ್ದರೆ ಅವಳು ಹೂಂ ಅನ್ನುತ್ತಿದ್ದಳು. ನಾನು ‘ಒಪ್ಪಿದಳು’ ಎನ್ನುತ್ತಿದ್ದೆ. ಮೊದಲ ಲೇಖನ, ಪಿಎಚ್.ಡಿ., ಕೂಡಲು ಕುರ್ಚಿ ಎಲ್ಲವೂ ಒಂದು ಸಾಲಿನ ಆಚೆ ಇತ್ತು. ಅಂಥದ್ದಕ್ಕೆ ನನ್ನ ಬಾಯಿಗೆ ಅಭ್ಯಾಸವೂ ಇತ್ತು. ಆದರೆ ಆ ಕಡೆ ನಾಲ್ಕು ಮಂದಿ, ಈ ಕಡೆ ನಾಲ್ಕು ಮಂದಿ. ಮಂದಿಯ ಮುಂದೆ ಓದುವ ಕಾಗದವನ್ನು ತಿರುಚಬಾರದೆಂದು ನಮ್ಮಪ್ಪ ದ್ರಾಕ್ಷಿ ತೂಕದ ಚೀಟಿ ಓದುವಾಗಲೂ ಹೇಳುತ್ತಿದ್ದ.

“‘ಇಲ್ಲಿ ಆಕಿ ಅತ್ತಳು’ ಅಂತ ಐತಿ, ಯವ್ವಾ,” ಎಂದೆ.

ಅದಕ್ಕೆ ಲಗಮವ್ವ ಏನಂದಳೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಾದ ಮೇಲೆ ನನ್ನ ಮಾತಿಗೆ ಜಾಗವಿಲ್ಲ. ಮೊದಲು ನನ್ನ ಪಾಡು. ಲೇಖನ ಉಳಿಯಿತು. ಮೊದಲನೆಯದಾಗಿ ಅಲ್ಲ, ಕಟ್ಟಕಡೆಯದಾಗಿ. ನನ್ನ ಮುದ್ರಣ ಹೋಯಿತು. ಅದರ ಜಾಗದಲ್ಲಿ ಅವತ್ತಿನ ಫೋನಿನ ಮುದ್ರಣ ಇದೆ, ಲಗಮವ್ವನ ಒಪ್ಪಿಗೆಯೊಂದಿಗೆ, ನಿಜವಾದ ಕುರಿಗಳೊಂದಿಗೆ. ನನ್ನ ಹೆಸರಿನ ಕೆಳಗೆ ಒಂದು ಟಿಪ್ಪಣಿ ಅಚ್ಚಾಗಿದೆ: ‘ಲೇಖಕರು ಮೊದಲು ಸಲ್ಲಿಸಿದ್ದ ಮುದ್ರಣದಲ್ಲಿನ ದನಿ ಅವರದೇ. ಕುರಿಯೂ ಅವರೇ.’ ಗೈಡ್ ಸರ್ ಅದನ್ನು ಓದಿ, ಕನ್ನಡಕ ತೆಗೆದು, “ಒಮ್ಮೆ ಬ್ಯಾ ಅನ್ನು ನೋಡೂನು” ಅಂದರು. ಅಂದೆ. ಸಹಿ ಇನ್ನೂ ಆಗಿಲ್ಲ, ಆಗುತ್ತದೆ ಎನ್ನುತ್ತಾರೆ. ಅಪ್ಪ ಮಾತ್ರ ಬಹಳ ಖುಷಿಯಾಗಿದ್ದಾನೆ: “ಕಡೀಗೆ ಇದು ಇವಂದ ದನಿ ಅಂತ ಯಾರರೆ ಬರದ ಕೊಟ್ರಲ್ಲ!”

‘ಇಲ್ಲಿ ಆಕೆ ಅತ್ತಳು’ ಎಂಬ ಸಾಲಿದ್ದಲ್ಲಿ ಈಗ ಬೇರೊಂದು ಮಾತಿದೆ. ಮೇಡಂ ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡು, ಕನ್ನಡದಲ್ಲೂ ಹಾಗೆಯೇ ಅಚ್ಚು ಹಾಕಿಸಿದರು. ಆ ಲೇಖನದಲ್ಲಿ ಓದಲೇಬೇಕಾದದ್ದು ಅದೊಂದೇ, ಅದು ನನ್ನದಲ್ಲ. ಅವತ್ತು ಫೋನಿನಲ್ಲಿ ಲಗಮವ್ವ, ನನಗಲ್ಲ, ನೇರವಾಗಿ ಆ ಕೋಣೆಗೆ ಹೇಳಿದಳು:

“ಅದನ್ನ ತಗೀರಿ. ನಾ ಅರ್ಜಿ ಕೊಟ್ಟೇನಿ. ಅಳೂದಿತ್ತಂದ್ರ ಗುಡೀಗೆ ಹೋಗತಿದ್ನಿ, ಪಂಚಾಯ್ತಿಗೆ ಯಾಕ ಹೋಗತಿದ್ನಿ?”